ಹೇಬರ್ಲೆಯವರು ಮರೆತದ್ದು

ಎಸ್ಲಿಂಗೆನ್
೨೩ ಜೂನ್ ೨೦೨೪

ಪ್ರೆಸಿಲ್ಲಕ್ಕನಿಗೆ ವಂದನೆಗಳು.

ಫೋನ್ ಮಾಡುವುದು ಬಿಟ್ಟು ಕಾಗದ ಬರೆದಿದ್ದಾನೆ ಎಂದು ಗಾಬರಿಯಾಗಬೇಡ. ನಾವು ಚೆನ್ನಾಗಿದ್ದೇವೆ. ಫೋನಿನಲ್ಲಿ ಮಾತಾಡಿದರೆ ನಿನ್ನ ತಮ್ಮನ ಹೆಂಡತಿ ಆಲಿಸ್ ಅಡುಗೆಮನೆಯಿಂದ ಅರ್ಧ ಕೇಳಿಸಿಕೊಂಡು ಉಳಿದರ್ಧವನ್ನು ತಾನೇ ಕಟ್ಟಿಕೊಳ್ಳುತ್ತಾಳೆ. ಅದಕ್ಕೆ ಈ ಕಾಗದ.

ಹೇಬರ್ಲೆಯವರ ವಿಷಯ ನಿನಗೆ ಹೇಳಿದ್ದೇನಲ್ಲ. ನಮ್ಮ ಕಾರ್ಖಾನೆಯ ಟೂಲ್‌ರೂಮಿನಲ್ಲಿ ನನ್ನ ಮೇಲಿನವರಾಗಿದ್ದು ನಿವೃತ್ತರಾದವರು, ಎಪ್ಪತ್ತೊಂಬತ್ತು ವರ್ಷ. ಒಂಬತ್ತು ವರ್ಷದ ಹಿಂದೆ ನನ್ನನ್ನು ಇಲ್ಲಿನ ಶೂಟಿಂಗ್ ಕ್ಲಬ್ಬಿಗೆ ಸೇರಿಸಿದ್ದು ಅವರೇ. ಆಗ ಒಂದಿಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದಾಗ, "ಈ ಮನುಷ್ಯನಿಗೆ ನಾನು ಜವಾಬ್ದಾರಿ" ಎಂದು ಎಲ್ಲರೆದುರು ಹೇಳಿದ್ದರು. ಗುರಿ ಇಡುವುದರಿಂದ ಹಿಡಿದು ಸೀಸ ಕರಗಿಸಿ ಗುಂಡು ಎರೆಯುವವರೆಗೆ ಎಲ್ಲವನ್ನೂ ಕಲಿಸಿದರು.

ಹೋದ ಭಾನುವಾರ ಜಿಲ್ಲಾ ಸ್ಪರ್ಧೆ ಇತ್ತು. ಬಿಸಿಲು ಥೇಟ್ ಉಡುಪಿಯದು. ಹೇಬರ್ಲೆಯವರು ತಮ್ಮ ಹಳೇ ರಿವಾಲ್ವರಿನಲ್ಲಿ ಹೊಡೆಯುತ್ತಿದ್ದರು. ಒಂದು ತೋಟಾ ಸರಿಯಾಗಿ ಸಿಡಿಯಲಿಲ್ಲ. ಗುಂಡು ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಂಡಿತು. ಸದ್ದು ತಡೆಯಲು ಕಿವಿಗೆ ಮುಚ್ಚಳ ಹಾಕಿಕೊಂಡಿದ್ದ ಅವರಿಗೆ ಅದು ತಿಳಿಯದೆ ಮುಂದಿನದನ್ನೂ ಹೊಡೆದುಬಿಟ್ಟರು. ನಳಿಗೆ ಸೀಳಿ ಎಡಗೈಯ ಎರಡು ಬೆರಳುಗಳ ತುದಿ ಹೋಯಿತು. ಆಂಬ್ಯುಲೆನ್ಸ್ ಬರುವ ತನಕ ಕೈಗೆ ಬಟ್ಟೆ ಸುತ್ತಿ ಹಿಡಿದುಕೊಂಡವನು ನಾನು.

ಅವರು ತೋಟಾಕ್ಕೆ ಮದ್ದು ಹಾಕುವುದನ್ನು ಮರೆತಿದ್ದಾರೆ, ಅಷ್ಟೇ. ಎರಡು ವರ್ಷದಿಂದ ಅವರ ಕೈ ನಡುಗುತ್ತದೆ. ಹಾಗಾಗಿ ಗುಂಡು ಎರೆದು, ಮೇಣ ಹಚ್ಚಿ, ಅಳತೆಗೆ ತಂದು ಕೊಡುವುದು ನನ್ನ ಕೆಲಸ. ಮದ್ದು ತೂಗಿ ತುಂಬುವುದು ಮಾತ್ರ ಅವರೇ. ಅದೊಂದನ್ನು ಬಿಟ್ಟುಕೊಡಲು ಅವರು ಒಪ್ಪಲೇ ಇಲ್ಲ. ವಯಸ್ಸಾಯಿತು, ಒಂದರಲ್ಲಿ ಮರೆತಿರಬೇಕು. ಕ್ಲಬ್ಬಿನ ಎಲ್ಲರೂ ಹೀಗೇ ಹೇಳುತ್ತಿದ್ದಾರೆ. ಆಸ್ಪತ್ರೆಯಲ್ಲಿ ಅವರೇ, "ನಾನು ಮರೆತೆ, ರಾಮದಾಸ್" ಎಂದರು. ಅಂದ ಮೇಲೆ ಮರೆತದ್ದೇ ಸರಿ.

ನಿನ್ನ ವಾರ್ಡಿನ ಕೆಲಸ ಹೇಗಿದೆ? ಮಂಡಿ ನೋವು? ಇನ್ನು ಮುಂದೆ ಊರಿನಿಂದ ತರಿಸಿ ಕೊಬ್ಬರಿ ಎಣ್ಣೆ ಕಳಿಸುವುದು ಬೇಡ, ಇಲ್ಲಿಯೇ ಸಿಗುತ್ತದೆ.

ನಿನ್ನ ತಮ್ಮ,
ರಾಮದಾಸ್


ಹ್ಯಾಂಬರ್ಗ್
೨ ಜುಲೈ ೨೦೨೪

ದಾಸು,

ಕಾಗದ ಬಂತು. ಮಳೆಯಲ್ಲಿ ಪೋಸ್ಟಿನವನು ಅದನ್ನು ಪೂರ್ತಿ ನೆನೆಸಿ ತಂದಿದ್ದ. ನಿನ್ನ ಅಕ್ಷರ ಹುಟ್ಟಿದಾಗಿನಿಂದ ಹಾಗೆಯೇ ಇರುವುದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಪಾಪ, ಆ ಮುದುಕರಿಗೆ ಹೀಗಾಗಬಾರದಿತ್ತು. ಗಾಯಕ್ಕೆ ಸೋಂಕು ತಾಗದ ಹಾಗೆ ನೋಡಿಕೊಳ್ಳಲು ಹೇಳು. ಆ ವಯಸ್ಸಿನಲ್ಲಿ ಬೆರಳು ವಾಸಿಯಾಗಲು ತಿಂಗಳುಗಟ್ಟಲೆ ಬೇಕು.

ಇನ್ನೊಂದು ವಿಷಯ. ಎಂಟು ತಿಂಗಳ ಮೇಲೆ ನೀನು ಬರೆದ ಒಂದು ಕಾಗದದಲ್ಲಿ, ಅವರು ಮರೆತರು ಎಂಬುದು ನಾಲ್ಕು ಸಲ ಬಂದಿದೆ. ಪೆನ್ಸಿಲ್ ಹಿಡಿದು ಗುರುತು ಹಾಕಿದ್ದೇನೆ. ನನಗೆ ಅವರ ಪರಿಚಯವಿಲ್ಲ. ಅವರು ಮರೆತರೆಂದು ಒಂದು ಸಲ ಹೇಳಿದ್ದರೆ ನಂಬುತ್ತಿದ್ದೆ. ಉಳಿದ ಮೂರು ಸಲ ಯಾರಿಗೆ ಹೇಳಿದ್ದು?

ಚಿಕ್ಕಂದಿನಲ್ಲಿ ಚರ್ಚಿನ ಕಿಟಕಿ ಗಾಜು ಒಡೆದ ದಿನ ನೀನು ಊಟಕ್ಕೆ ಕೂತು, ಗಾಳಿ ಜೋರು, ಗಾಳಿ ಜೋರು ಎಂದು ಒಂದೇ ಸಮನೆ ಹೇಳುತ್ತಿದ್ದೆ. ಅಪ್ಪ ನಂಬಿದರು. ನಾನು ನಂಬಿರಲಿಲ್ಲ.

ಮತ್ತೆ ಎಣ್ಣೆ ಬೇಡ ಅನ್ನುವುದು ಯಾವ ಲೆಕ್ಕ? ಅಲ್ಲಿ ಸಿಗುವುದನ್ನು ತಲೆಗೆ ಹಚ್ಚಿದರೆ ಸೋಪಿನ ವಾಸನೆ ಬರುತ್ತದೆ ಎಂದು ಪ್ರತಿ ಕ್ರಿಸ್ಮಸ್ಸಿಗೂ ಗೊಣಗುವವನು ನೀನೇ.

ಸರಿಯಾಗಿ ಬರಿ.

ಅಕ್ಕ
ಪ್ರೆಸಿಲ್ಲಾ


ಎಸ್ಲಿಂಗೆನ್
೧೪ ಜುಲೈ ೨೦೨೪

ಅಕ್ಕ,

ನಿನ್ನ ಕಾಗದ ಹತ್ತು ದಿನದಿಂದ ನನ್ನ ಟಿಫಿನ್ ಬ್ಯಾಗಿನಲ್ಲಿದೆ. ಆಲಿಸ್ ಪ್ರಾರ್ಥನಾ ಕೂಟಕ್ಕೆ ಹೋಗಿದ್ದಾಳೆ. ಈಗ ಬರೆಯದಿದ್ದರೆ ಇನ್ನು ಬರೆಯುವುದಿಲ್ಲ.

ಹೇಬರ್ಲೆಯವರು ಮರೆಯಲಿಲ್ಲ. ತಪ್ಪು ನನ್ನದು.

ನಿನಗೆ ಈ ಕೆಲಸ ಗೊತ್ತಿಲ್ಲ, ಆದಷ್ಟು ಸುಲಭವಾಗಿ ಹೇಳುತ್ತೇನೆ. ಅಚ್ಚಿನಿಂದ ಬಿದ್ದ ಸೀಸದ ಗುಂಡು ಹಾಗೇ ಹೊಡೆಯಲು ಬಾರದು. ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪವಿರುತ್ತದೆ. ಅದನ್ನು ಉಕ್ಕಿನ ಡೈಯ ತೂತಿನಲ್ಲಿ ಒತ್ತಿ ಪಾರು ಮಾಡಿದರೆ ಎಲ್ಲವೂ ಒಂದೇ ಅಳತೆಗೆ ಬರುತ್ತವೆ. ಗುಂಡಿನ ಸುತ್ತ ಬಳೆಯಂತೆ ಗೀರುಗಳಿರುತ್ತವೆ. ಅವುಗಳಲ್ಲಿ ಮೇಣ ತುಂಬಬೇಕು, ಇಲ್ಲದಿದ್ದರೆ ಸೀಸ ನಳಿಗೆಯ ಒಳಮೈಗೆ ಬಳಿದುಕೊಳ್ಳುತ್ತದೆ. ಈಗಿನವರು ಮೇಣದ ಗೋಜಿಗೇ ಹೋಗುವುದಿಲ್ಲ, ಬಣ್ಣದ ಪುಡಿ ಲೇಪಿಸಿ ಹಳೇ ಓವನ್ನಿನಲ್ಲಿ ಬೇಯಿಸುತ್ತಾರೆ. ಕೆಂಪು, ನೀಲಿ, ಹಸಿರು. "ಇದು ಗುಂಡೋ, ಮಕ್ಕಳ ಮಿಠಾಯಿಯೋ?" ಎಂದು ಹೇಬರ್ಲೆ ನಗುತ್ತಿದ್ದರು. ಅವರದು ಒಂದೇ ಪಾಕ: ಜೇನುಮೇಣ, ಅದಕ್ಕೆ ಅಳತೆಯ ಗ್ರೀಸು. ನಲವತ್ತು ವರ್ಷದಿಂದ ಅದನ್ನು ಬದಲಿಸಿಲ್ಲ.

ಫೆಬ್ರವರಿಯಲ್ಲಿ ಅವರ ಇನ್ನೂರು ಗುಂಡು ಎರೆದಿಟ್ಟಿದ್ದೆ. ಮೇಣ ಹಚ್ಚಲು ಕೂತರೆ ಗ್ರೀಸು ಮುಗಿದಿತ್ತು, ಮೇಣವೂ ಸಾಲದು. ಕೆಳಗೆ ನೆಲಮಾಳಿಗೆಯ ಶೆಲ್ಫಿನಲ್ಲಿ ನೀನು ಕಳಿಸಿದ ಎಣ್ಣೆಯ ಬಾಟಲಿ. ಚಳಿಗೆ ಬಿಳಿಯಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಚಾಕುವಿನಲ್ಲಿ ಕೆರೆಯಬೇಕಿತ್ತು. ಇದಕ್ಕಿಂತ ಗಟ್ಟಿ ಇನ್ನೇನು ಬೇಕು ಎಂದುಕೊಂಡು ಒಂದು ಪಾಲು ಮೇಣಕ್ಕೆ ಮೂರು ಪಾಲು ಎಣ್ಣೆ ಸೇರಿಸಿ ಕರಗಿಸಿದೆ. ಗುಂಡಿನ ಮೇಲೆ ಆರಿದಾಗ ಚೆಂದ ಹೊಳೆಯಿತು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ, ಅಕ್ಕ.

ಕೊಬ್ಬರಿ ಎಣ್ಣೆಯ ಮನೆಯಲ್ಲಿ ಹುಟ್ಟಿದವನು ನಾನು. ಊರಿನಲ್ಲಿ ಒಂದು ದಿನವೂ ಅದು ಗಟ್ಟಿಯಾಗಿದ್ದನ್ನು ನೋಡಿದವನಲ್ಲ. ಇಲ್ಲಿ ಇಪ್ಪತ್ತೆರಡು ಚಳಿಗಾಲ ಕಳೆದ ಮೇಲೆ, ಅದು ಗಟ್ಟಿಯಾಗಿಯೇ ಇರುವ ವಸ್ತು ಎಂದು ನನ್ನ ಕೈ ನಂಬಿಬಿಟ್ಟಿತ್ತು. ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಹೇಬರ್ಲೆಯವರಿಗೆ ನಾನು ಅದನ್ನು ಹೇಳಲೂ ಇಲ್ಲ. ಹೇಳಿದರೆ ಬೈಯುತ್ತಾರೆಂದು.

ಸ್ಪರ್ಧೆಯ ದಿನ ತೋಟಾಗಳ ಡಬ್ಬಿ ಅವರ ಕಾರಿನ ಡಿಕ್ಕಿಯಲ್ಲಿ ಬೆಳಗಿನಿಂದ ಬಿಸಿಲಲ್ಲಿತ್ತು. ಗೀರಿನಲ್ಲಿದ್ದದ್ದು ಕರಗಿ ಒಳಗೆ ಇಳಿದು ಮದ್ದನ್ನು ನೆನೆಸಿದೆ. ನನಗೆ ತಕ್ಷಣ ತಿಳಿಯಿತು. ನಳಿಗೆ ಸೀಳಿದ ಜಾಗದಲ್ಲಿ ಅಮ್ಮ ನಮ್ಮ ತಲೆ ಬಾಚುವಾಗಿನ ವಾಸನೆ. ಪಕ್ಕದಲ್ಲಿದ್ದ ಒಬ್ಬರು, "ಏನಿದು, ಸನ್‌ಕ್ರೀಮಾ?" ಎಂದರು. ನಾನು ಹೇಬರ್ಲೆಯವರ ಕೈಗೆ ಬಟ್ಟೆಯನ್ನು ಇನ್ನೊಂದು ಸುತ್ತು ಸುತ್ತಿದೆ.

ಇಲ್ಲಿಗೇ ಮುಗಿದಿದ್ದರೆ ತಪ್ಪು ಎನ್ನಬಹುದಿತ್ತು. ಅವರ ಕಾರನ್ನು ಮನೆಗೆ ಮುಟ್ಟಿಸಿದವನು ನಾನು. ಡಿಕ್ಕಿಯಲ್ಲಿ ಇನ್ನೂ ಹನ್ನೊಂದು ತೋಟಾ ಉಳಿದಿದ್ದವು. ಅವನ್ನು ಜೇಬಿಗೆ ಹಾಕಿಕೊಂಡು ಬಂದು ಒಂದೊಂದಾಗಿ ಬಿಚ್ಚಿದೆ. ನಾಲ್ಕರಲ್ಲಿ ಮದ್ದು ಹಿಟ್ಟಿನ ಉಂಡೆಯಂತೆ ಕಟ್ಟಿತ್ತು. ಪ್ರತಿಯೊಂದರಲ್ಲೂ ಅವರು ಮದ್ದು ಹಾಕಿದ್ದರು, ಒಂದನ್ನೂ ಮರೆತಿರಲಿಲ್ಲ. ಕಣ್ಣಾರೆ ನೋಡಿದೆ. ನೋಡಿಯೂ ಸೀಸವನ್ನೆಲ್ಲ ಒಲೆಯ ಮೇಲೆ ಕರಗಿಸಿದೆ, ನನ್ನ ಬಳಿ ಉಳಿದಿದ್ದ ಗುಂಡುಗಳನ್ನೂ ಸೇರಿಸಿ. ಮರುದಿನ ಕ್ಲಬ್ಬಿನ ಅಧ್ಯಕ್ಷರು, "ಅದೇ ತೋಟಾ ಇನ್ನೇನಾದರೂ ಉಳಿದಿದೆಯಾ?" ಎಂದು ಕೇಳಿದರು. ಇಲ್ಲ ಎಂದೆ.

ಹೇಬರ್ಲೆ ಈಗ ಯಾರನ್ನು ಕಂಡರೂ ತಮ್ಮ ತಲೆ ಕೆಟ್ಟಿದೆ ಎನ್ನುತ್ತಾರೆ. ಅವರ ಮಗಳು ಉಲ್ರಿಕೆ ಅವರನ್ನು ಮರೆವಿನ ಪರೀಕ್ಷೆಗೆ ಕರೆದೊಯ್ದಿದ್ದಾಳೆ.

ದಾಸು


ಹ್ಯಾಂಬರ್ಗ್
೧೯ ಜುಲೈ ೨೦೨೪

ದಾಸು,

ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡದೆ ಬರೆಯುತ್ತಿದ್ದೇನೆ.

ಎಣ್ಣೆ ಹಾಕಿದ್ದು ದಡ್ಡತನ. ಅದಕ್ಕೆ ನಾಲ್ಕು ಬೈಗುಳ ಸಾಕು, ಅವನ್ನು ಎದುರು ಸಿಕ್ಕಾಗ ಕೊಡುತ್ತೇನೆ. ಆದರೆ ಸೀಸ ಕರಗಿಸಿದ್ದು? ಆ ಹೊತ್ತಿನಲ್ಲಿ ನೀನು ನನ್ನ ತಮ್ಮನಾಗಿರಲಿಲ್ಲ.

ನನ್ನ ವಾರ್ಡಿನಲ್ಲಿ ಇಂಥವರನ್ನೇ ದಿನವೂ ನೋಡುವವಳು ನಾನು. ಬೆರಳಿಲ್ಲದೆ ಮುದುಕರು ಬದುಕುತ್ತಾರೆ, ಕಾಲಿಲ್ಲದೆಯೂ ಬದುಕುತ್ತಾರೆ. ತನ್ನ ತಲೆಯ ಮೇಲೆ ತನಗೇ ನಂಬಿಕೆ ಹೋದವರು ಮಾತ್ರ ಮೂರು ತಿಂಗಳಲ್ಲಿ ಕುಗ್ಗಿ ಹೋಗುತ್ತಾರೆ. ನೀರು ಕುಡಿದೆನಾ ಎಂದು ಇನ್ನೊಬ್ಬರನ್ನು ಕೇಳುತ್ತಾರೆ. ಆಮೇಲೆ ನಿಜವಾಗಿಯೂ ಮರೆಯಲು ಶುರುಮಾಡುತ್ತಾರೆ. ನಿನ್ನ ಹತ್ತಿರ ಹೆಚ್ಚು ದಿನವಿಲ್ಲ.

ಈ ವಾರವೇ ಹೋಗು. ಅವರ ಎದುರು ಕೂತು ಹೇಳು. ಆಲಿಸ್‌ಗೂ ಹೇಳು.

ಪ್ರೆಸಿಲ್ಲಾ


ಎಸ್ಲಿಂಗೆನ್
೮ ಸೆಪ್ಟೆಂಬರ್ ೨೦೨೪

ಪ್ರೀತಿಯ ಅಕ್ಕ,

ಫೋನ್ ತೆಗೆಯದೆ ನಿನ್ನನ್ನು ಸತಾಯಿಸಿದ್ದಕ್ಕೆ ಕ್ಷಮಿಸು. ಏಳು ವಾರವಾಯಿತು. ಹೇಳಲಿಲ್ಲ ಎಂದು ನಿನಗೆ ಈಗಾಗಲೇ ಅರ್ಥವಾಗಿರಬೇಕು.

ಎರಡು ಸಲ ಹೋದೆ. ಮೊದಲ ಸಲ ಉಲ್ರಿಕೆ ಅಲ್ಲಿದ್ದಳು, ಅವಳೆದುರು ಆಗಲಿಲ್ಲ. ಎರಡನೇ ಸಲ ಹೇಬರ್ಲೆ ಒಬ್ಬರೇ ಇದ್ದರು. ಅಡುಗೆಮನೆಯ ತುಂಬ ಹಳದಿ ಚೀಟಿಗಳು. ಒಲೆ ಆರಿಸಿದೆ, ೮.೧೦. ಮಾತ್ರೆ ತೆಗೆದುಕೊಂಡೆ, ೮.೩೦. ಬಾಗಿಲು ಹಾಕಿದೆ, ೯. ಅವರ ಅಕ್ಷರ ಟೂಲ್‌ರೂಮಿನ ಡ್ರಾಯಿಂಗಿನ ಅಕ್ಷರದಷ್ಟೇ ನೆಟ್ಟಗಿದೆ. ಮರೆವಿನ ಪರೀಕ್ಷೆಯಲ್ಲಿ ಅಂಥದ್ದೇನೂ ಸಿಗಲಿಲ್ಲವಂತೆ. "ಡಾಕ್ಟರಿಗೇನು ಗೊತ್ತು?" ಎಂದು ಅವರೇ ಅದನ್ನು ತಳ್ಳಿಹಾಕಿದರು. "ಅರವತ್ತು ವರ್ಷ ನಾನು ಅಳತೆಯ ಮನುಷ್ಯ ರಾಮದಾಸ್, ಒಂದೂ ತಪ್ಪಿಲ್ಲ. ಈಗ ಮದ್ದನ್ನೇ ಮರೆತೆ ಅಂದ್ರೆ ನಾಳೆ ಗ್ಯಾಸ್ ಮರೀತೇನೆ. ಮನೆ ಸುಟ್ಟುಹೋಗುತ್ತದೆ. ಪಕ್ಕದ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ."

ಬಾಯಿಯ ತನಕ ಬಂತು, ಅಕ್ಕ. ಅಷ್ಟರಲ್ಲಿ ಅವರು ಒಳಗೆ ಹೋಗಿ ತಮ್ಮ ಅಚ್ಚುಗಳು, ಡೈಗಳು, ಮದ್ದು ತೂಗುವ ಪುಟ್ಟ ತಕ್ಕಡಿ ಎಲ್ಲವನ್ನೂ ಮರದ ಪೆಟ್ಟಿಗೆಯಲ್ಲಿ ತಂದು ನನ್ನ ಮುಂದಿಟ್ಟರು. "ಇವು ಇನ್ನು ನಿನ್ನವು. ಕ್ಲಬ್ಬಿನಲ್ಲಿ ನಿನ್ನಷ್ಟು ಜಾಗ್ರತೆಯ ಕೈ ಇನ್ನೊಂದಿಲ್ಲ" ಎಂದರು.

ನಾನು ತೆಗೆದುಕೊಂಡೆ. ಬೇಡ ಎನ್ನಲಿಲ್ಲ. ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ಆಲಿಸ್ ಅದನ್ನು ನೋಡಿ, "ಪಾಪ, ಎಂಥ ದೊಡ್ಡ ಮನುಷ್ಯ ಮಾರಾಯ್ರೆ ಅವರು!" ಎಂದಳು. ಅವಳಿಗೂ ನಾನು ಹೇಳಿಲ್ಲ.

ನಿಜ ಹೇಳಲು ಹೆದರಿಕೆ. ಪರವಾನಗಿ ಹೋಗುತ್ತದೆ, ಕ್ಲಬ್ಬು ಹೋಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಈ ಊರಿನವರು ನನ್ನನ್ನು ಹೆಸರು ಹಿಡಿದು ಕರೆಯುವ ಜಾಗ ಅದೊಂದೇ. ಅವರ ಬಾಯಲ್ಲಿ ನಾಳೆ ನಾನು ಮತ್ತೆ ಬರೀ ಇಂಡಿಯದವನಾಗುತ್ತೇನೆ. ಇದು ಕಾರಣವಲ್ಲ, ನೆಪ ಎಂದು ನೀನು ಹೇಳುವೆ. ಹೌದು.

ಮುಂದಿನ ತಿಂಗಳು ಅವರು ಮನೆ ಬಿಟ್ಟು ವೃದ್ಧಾಶ್ರಮಕ್ಕೆ ಹೋಗುತ್ತಾರಂತೆ. ಉಲ್ರಿಕೆ ಒತ್ತಾಯ ಮಾಡಿದ್ದಲ್ಲ, ಅವರೇ ಕೇಳಿದ್ದಂತೆ.

ದಾಸು


ಹ್ಯಾಂಬರ್ಗ್
೧೫ ಸೆಪ್ಟೆಂಬರ್ ೨೦೨೪

ದಾಸು,

ನಿನಗೆ ಬೈಯಬೇಕೆಂದು ಕೂತೆ. ಎರಡು ಹಾಳೆ ಹರಿದೆ. ಬೈಯುವ ಯೋಗ್ಯತೆ ನನಗಿದೆಯೇ ಎಂಬ ಮಾತು ಅಡ್ಡ ಬಂತು.

ನಾನು ಈ ದೇಶಕ್ಕೆ ಬಂದ ಎರಡನೇ ವರ್ಷ. ಭಾಷೆ ಅರ್ಧಂಬರ್ಧ. ಫ್ರಾವ್ ಟೀಮನ್ ಎಂಬ ಮುದುಕಿ ನನ್ನ ಪಾಲಿಗೆ ಇದ್ದಳು. ಒಂದು ದಿನ, "ಸಿಸ್ಟರ್, ನನ್ನ ಹೃದಯದ ಮಾತ್ರೆ ಕೊಟ್ಟಿಲ್ಲ" ಎಂದಳು. ಕೊಟ್ಟೆ, ನೀವು ಮರೆತಿದ್ದೀರಿ ಎಂದೆ. ಆಮೇಲೆ ಟ್ರಾಲಿ ನೋಡಿದರೆ ಮಾತ್ರೆ ಅಲ್ಲೇ ಇತ್ತು. ಹಿಂದೆ ಹೋಗಿ ಹೇಳಬಹುದಿತ್ತು. ಹೆಡ್ ಸಿಸ್ಟರ್ ಏನೆನ್ನುತ್ತಾಳೋ, ಕೆಲಸ ಹೋದರೆ ಊರಿಗೆ ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದು ಮಾತ್ರೆಯನ್ನು ಸಿಂಕಿಗೆ ಹಾಕಿದೆ.

ಅವಳಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಪ್ರತಿ ಸಲವೂ ನನ್ನ ಕೈ ಹಿಡಿದು, "ನಾನು ತಿಂದೆನಾ, ಸಿಸ್ಟರ್?" ಎಂದು ಕೇಳುವಳು. ಬೇರೆ ಯಾರನ್ನೂ ಅಲ್ಲ, ನನ್ನನ್ನೇ. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಆ ಚಳಿಗಾಲದಲ್ಲಿ ತೀರಿಕೊಂಡಳು. ನಾನು ಹೇಳಲಿಲ್ಲ. ಇದನ್ನು ಪಾದ್ರಿಗೆ ಹೇಳಿಲ್ಲ, ನಿನ್ನ ಭಾವ ಬದುಕಿದ್ದಾಗ ಅವರಿಗೂ ಹೇಳಿಲ್ಲ.

ನಿನ್ನ ಮುದುಕರು ಇನ್ನೂ ಬದುಕಿದ್ದಾರೆ, ದಾಸು.

ಅಕ್ಕ


ಎಸ್ಲಿಂಗೆನ್
೨೪ ನವೆಂಬರ್ ೨೦೨೪

ಅಕ್ಕ,

ಹೇಳಿದೆ. ಎಲ್ಲರಿಗೂ ಹೇಳಿದೆ. ಮೊದಲು ಆಲಿಸ್‌ಗೆ. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಮರದ ಪೆಟ್ಟಿಗೆಯನ್ನು ತಂದು ಬಾಗಿಲ ಬಳಿ ಇಟ್ಟು, "ಇದು ಈ ಮನೆಯಲ್ಲಿ ಇರ್ಲಿಕ್ಕಾಗುದಿಲ್ಲ. ಹೊರಡಿ" ಎಂದಳು.

ಹೇಬರ್ಲೆಯವರು ವೃದ್ಧಾಶ್ರಮ ಸೇರಿ ಆರು ವಾರವಾಗಿದೆ. ಬಿಸಿಲು ಬೀಳುವ ಚಿಕ್ಕ ಕೋಣೆ. ಅಲ್ಲಿಯೂ ಹಳದಿ ಚೀಟಿಗಳು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಎಣ್ಣೆ, ಮೇಣ, ಡಿಕ್ಕಿ, ಬಿಸಿಲು. ನೀವು ಮರೆಯಲಿಲ್ಲ, ಹನ್ನೊಂದರಲ್ಲೂ ಮದ್ದಿತ್ತು, ನಾನು ನೋಡಿದ್ದೇನೆ ಎಂದೆ.

ಅವರು ಕನ್ನಡಕ ಹಾಕಿಕೊಂಡರು. ಆ ಕ್ಷಣ ನಮ್ಮ ಹಳೇ ಟೂಲ್‌ರೂಮಿನ ಮುಖ್ಯಸ್ಥರೇ ಎದುರು ಕೂತಂತಾಯಿತು. "ಪಾಲು ಎಷ್ಟು?" ಎಂದರು. ಒಂದಕ್ಕೆ ಮೂರು ಎಂದೆ. "ಡಿಕ್ಕಿಯಲ್ಲಿ ಎಷ್ಟು ಹೊತ್ತು?" ಬೆಳಗಿನಿಂದ ಎರಡು ಗಂಟೆಯ ತನಕ. ಲೆಕ್ಕ ಹಾಕಿದರು. ಬೆನ್ನು ನೆಟ್ಟಗಾಯಿತು. ಆಗಬಹುದು, ಹಾಗೆ ಆಗಬಹುದು ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ನಂಬಿದರು ಅಕ್ಕ, ಒಂದು ನಿಮಿಷ ಪೂರ್ತಿ ನಂಬಿದರು. ಅವರ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿದೆ.

"ಆ ಹನ್ನೊಂದು ಎಲ್ಲಿ? ತೋರಿಸು."

ಕರಗಿಸಿದೆ ಎಂದೆ.

"ನೀನು ಎರೆದಿಟ್ಟ ಉಳಿದ ಗುಂಡು?"

ಅವನ್ನೂ ಎಂದೆ.

ಅವರು ಕನ್ನಡಕ ತೆಗೆದು ನಕ್ಕರು. "ಇಷ್ಟು ವರ್ಷ ನಿನ್ನನ್ನು ನೋಡಿದ್ದೇನೆ. ಪುರಾವೆಯನ್ನು ಕರಗಿಸಿ, ಗಾಯವಾದ ಗೆಳೆಯನ ಮೇಲೆ ತಪ್ಪು ಹೊರಿಸುವ ಮನುಷ್ಯ ನೀನಲ್ಲ. ಒಳ್ಳೆಯ ಕಥೆ ಕಟ್ಟಿದ್ದೀ. ನನಗೆ ಸಮಾಧಾನವಾಗಲಿ ಅಂತ. ಬೇಡ ರಾಮದಾಸ್."

ನಾನೇ ಅಂಥ ಮನುಷ್ಯ ಎಂದು ಕೂಗಿದೆ. ಶುಶ್ರೂಷಕಿ ಬಾಗಿಲಿಂದ ಇಣುಕಿ ನೋಡಿದಳು. ಹೇಬರ್ಲೆ ನನ್ನ ತೋಳು ತಟ್ಟಿ ಸಮಾಧಾನ ಮಾಡಿದರು, ಆ ಬೆರಳ ತುದಿಗಳಿಲ್ಲದ ಕೈಯಿಂದ.

ಉಲ್ರಿಕೆಗೆ ಹೇಳಿದೆ. ನೀವು ಹೀಗೆ ಏನಾದರೂ ಹೇಳಿಕೊಂಡು ಬರುತ್ತೀರೆಂದು ಅಪ್ಪ ಮೊದಲೇ ಹೇಳಿದ್ದರು ಎಂದು ನನ್ನನ್ನು ಅಪ್ಪಿಕೊಂಡಳು. ಮನೆ ಮಾರಾಟವಾಗಿದೆಯಂತೆ. ಕ್ಲಬ್ಬಿಗೆ ಎಲ್ಲವನ್ನೂ ಬರೆದು ಸಹಿ ಮಾಡಿ ಕೊಟ್ಟೆ. ಮರೆತದ್ದು ತಾವೇ ಎಂದು ಹೇಬರ್ಲೆಯವರೇ ಬರೆದುಕೊಟ್ಟದ್ದು ನಮ್ಮ ಬಳಿ ಇದೆಯಲ್ಲ ಎಂದು ಅಧ್ಯಕ್ಷರು ನನ್ನ ಕಾಗದವನ್ನು ಮಡಚಿ ವಾಪಸ್ಸು ಕೊಟ್ಟರು. ಅವರ ಕಣ್ಣೂ ಒದ್ದೆಯಾಗಿತ್ತು. ಅದೇ ಕಾಗದವನ್ನು ಪರವಾನಗಿ ಕಚೇರಿಗೆ ಅಂಚೆಯಲ್ಲಿ ಹಾಕಿ ಬಂದಿದ್ದೇನೆ, ಉತ್ತರ ಬಂದಿಲ್ಲ. ನನ್ನ ರಿವಾಲ್ವರನ್ನು ಮಾರಿದೆ.

ಪ್ರತಿ ಭಾನುವಾರ ಅವರ ಬಳಿ ಹೋಗುತ್ತೇನೆ, ಹೋದಾಗಲೆಲ್ಲ ಅದನ್ನೇ ಹೇಳುತ್ತೇನೆ. ಈಚೆಗೆ ಅವರು ನಿಜವಾಗಿಯೂ ಮರೆಯತೊಡಗಿದ್ದಾರೆ. ಹೋದ ವಾರ ಉಲ್ರಿಕೆಯ ಹೆಸರಿಗೆ ತಡಕಾಡಿದರು. ನೀನು ಜುಲೈಯಲ್ಲೇ ಹೇಳಿದ್ದೆ.

ಇವತ್ತು ಕಾಫಿ ಹೊತ್ತಿಗೆ ನನ್ನನ್ನು ಊಟದ ಹಾಲಿಗೆ ಕರೆದೊಯ್ದರು. ಅಲ್ಲಿ ಹತ್ತು ಹನ್ನೆರಡು ಮಂದಿ ಮುದುಕ ಮುದುಕಿಯರು ಕೂತಿದ್ದರು. ಹೇಬರ್ಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಇವನೇ ನಾನು ಹೇಳುತ್ತಿದ್ದ ಗೆಳೆಯ. ನನ್ನ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳಲು ಪ್ರತಿ ವಾರ ಬರುತ್ತಾನೆ" ಎಂದರು. ಅಲ್ಲ, ತಪ್ಪು ನನ್ನದೇ, ಇವರು ಏನನ್ನೂ ಮರೆತಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. "ನೋಡಿದಿರಾ?" ಎಂದರು ಹೇಬರ್ಲೆ.

ಅವರೆಲ್ಲ ಒಬ್ಬೊಬ್ಬರಾಗಿ ಎದ್ದು ಬಂದು ನನ್ನ ಕೈ ಕುಲುಕಿದರು. ನಾನು ಕೈ ಕೊಟ್ಟೆ, ಅಕ್ಕ.

ನಿನ್ನ ತಮ್ಮ,
ರಾಮದಾಸ್